ಪೊರಕೆ ವ್ಯಾನಿನ ಮುಂದೆ

ಜನವರಿ 12, ಭಾನುವಾರ

ನನ್ನ ಬಾಯಿಗೆ ಬೀಗವಿಲ್ಲ, ಅದೇ ನನ್ನ ರೋಗ. ಇವತ್ತು ನಮ್ಮ ಸೈಕಲ್ ಸಂಘದ ಹೊಸ ವರ್ಷದ ಸಭೆ. ನೋಯೆಲ್‌ನ ಕೆಫೆಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಬಿಯರ್ ಹಿಡಿದು ಕೂತಿದ್ದರು. ನನ್ನ ಗಂಡ ರೋಲಾಂಡ್ ಬಂದಿರಲಿಲ್ಲ. ನವೆಂಬರಿನಲ್ಲಿ ಹೃದಯದ ಡಾಕ್ಟರು "ಇನ್ನು ಸೈಕಲ್ ಬೇಡ, ನಡೆದರೆ ಸಾಕು" ಎಂದ ದಿನದಿಂದ ಅವನು ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಕದಲಿಲ್ಲ. ತಿನ್ನಲು ಏಳುತ್ತಾನೆ, ಮಲಗಲು ಏಳುತ್ತಾನೆ. ತನ್ನ ನೀಲಿ ಸೈಕಲ್ಲಿಗೆ ಹಳೆಯ ಬೆಡ್‌ಶೀಟು ಹೊದಿಸಿ ಗ್ಯಾರೇಜಿನ ಮೂಲೆಗೆ ತಳ್ಳಿದ್ದಾನೆ. ಸ್ನೇಹಿತರು ಬಾಗಿಲು ತಟ್ಟಿದರೆ "ಮಲಗಿದ್ದಾನೆ ಅಂತ ಹೇಳು" ಎನ್ನುತ್ತಾನೆ, ಕೂತಲ್ಲಿಂದಲೇ.

ಸಂಘದ ನಾಯಕ ನೋಯೆಲ್ ಮೇ ತಿಂಗಳ ಸವಾರಿಯ ಮಾತು ತೆಗೆದ. ಪೂರ್ವದಲ್ಲಿ ಜರ್ಮನಿಯ ಗಡಿಯ ಯೂಪೆನ್‌ನಿಂದ ಪಶ್ಚಿಮಕ್ಕೆ ನಮ್ಮ ಊರಿನ ಸಮುದ್ರದವರೆಗೆ, ನಾಲ್ಕು ದಿನ. ನಮ್ಮಲ್ಲಿ ಗಾಳಿ ಸಮುದ್ರದ ಕಡೆಯಿಂದ ಬೀಸುತ್ತದೆ ಎಂಬುದು ಹಸುಗೂಸಿಗೂ ಗೊತ್ತು. ಸಂಘ ಕಟ್ಟಿದ ಹಿರಿಯರಿಗೆ ಮಾತ್ರ ಅದು ಹೊಳೆಯಲಿಲ್ಲ. ಮನೆ ಕಡೆಗೆ ಬರುವುದು ಚೆಂದ ಎಂದುಕೊಂಡು ಎದುರುಗಾಳಿಯ ದಾರಿ ಹಾಕಿಟ್ಟರು. ಇವತ್ತಿನವರೆಗೆ ಅದನ್ನು ತಿರುಗಿಸುವ ಧೈರ್ಯ ಯಾರಿಗೂ ಬಂದಿಲ್ಲ.

ಇಬ್ಬಿಬ್ಬರು ಜೋಡಿಯಾಗಿ ಹೋಗುವುದು ನಮ್ಮ ಪದ್ಧತಿ. ನಮ್ಮಲ್ಲೆಲ್ಲ ಹಿರಿಯನಾದ ಕಮೀಲಜ್ಜನ ಪಕ್ಕದ ಜಾಗ ರೋಲಾಂಡನದು. "ಅದು ಈ ಸಲ ಖಾಲಿ" ಎಂದು ನೋಯೆಲ್ ಹೇಳಿದ ಕೂಡಲೇ ಕಮೀಲಜ್ಜ ತಲೆ ತಗ್ಗಿಸಿದ. ನನ್ನಿಂದ ನೋಡಲಾಗಲಿಲ್ಲ. ಎದ್ದು ನಿಂತು, "ನಾನು ಹೊಡೀತೀನಿ ಸೈಕಲ್ಲು. ರೋಲಾಂಡ್ ವ್ಯಾನ್ ಓಡಿಸ್ತಾನೆ" ಎಂದುಬಿಟ್ಟೆ.

ನಾನು, ಗೋಡಲೀವ, ಐವತ್ತೆಂಟು ವರ್ಷದವಳು, ವೃದ್ಧಾಶ್ರಮದ ಅಡುಗೆಯವಳು. ಇಷ್ಟು ವರ್ಷ ಆ ಪೊರಕೆ ವ್ಯಾನ್ ಓಡಿಸಿದವಳೇ ನಾನು. ತಲೆಯ ಮೇಲೆ ಪೊರಕೆ ಕಟ್ಟಿಕೊಂಡು ಗುಂಪಿನ ಹಿಂದೆ ತೆವಳುವ, ಸೋತವರನ್ನು ಗುಡಿಸಿ ತುಂಬಿಕೊಳ್ಳುವ ವ್ಯಾನು. ನಾನು ಸೈಕಲ್ ಹೊಡೆಯುವುದು ಬೇಕರಿಗೆ, ಅಲ್ಲಿಂದ ಮನೆಗೆ.

"ಲೀವಾ, ಸಂತೆ ಬುಟ್ಟಿನೂ ತರ್ತೀಯಾ?" ಎಂದಳು ಕಸಾಯಿ ಅಂಗಡಿಯ ಮಾರ್ಲೇನ್. ಎಲ್ಲರೂ ನಕ್ಕರು. ಕಮೀಲಜ್ಜ ಮಾತ್ರ ನಗಲಿಲ್ಲ.

ಮನೆಗೆ ಬಂದು ಹೇಳಿದೆ. ರೋಲಾಂಡ್ ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದ: "ಆಯ್ತು. ಬೇರೆ ಯಾವನಿಗೋ ನಿನ್ನ ಬೆನ್ನು ನೋಡ್ಕೊಂಡು ಓಡ್ಸೋಕೆ ಬಿಡಲ್ಲ. ಆದ್ರೆ ಕೇಳು. ನೀನು ಆ ವ್ಯಾನ್ ಹತ್ತಿದ ಗಳಿಗೆ ಬೀಗದ ಕೈ ನೋಯೆಲ್‌ಗೆ ಕೊಟ್ಟು ರೈಲು ಹತ್ತಿ ಮನೆಗೆ ಬರ್ತೀನಿ. ಆಮೇಲೆ ಸಂಘದ ಹೆಸರು ಈ ಮನೇಲಿ ಎತ್ತಬೇಡ."

ಅಂದರೆ ನಾನು ವ್ಯಾನ್ ಹತ್ತಿದರೆ ಅವನು ಮತ್ತೆ ಆ ಕುರ್ಚಿಗೆ. ಈ ಸಲ ಏಳುವುದಿಲ್ಲ, ನನಗೆ ಗೊತ್ತು. ಇದನ್ನೆಲ್ಲ ಹೇಳಿಕೊಳ್ಳಲು ಮನೆಯಲ್ಲಿ ಕಿವಿಗಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ 16, ಭಾನುವಾರ

ಸೈಕಲ್ಲಿನಲ್ಲಿ ಕಾಲುವೆಯ ನೀರು ತಡೆಯುವ ಬಾಗಿಲಿನವರೆಗೆ ಹೋಗಿ ಬಂದೆ. ಅದನ್ನು ದೂರ ಎಂದು ಹೇಳಿದರೆ ಬಾತುಕೋಳಿ ನಗುತ್ತದೆ. ಬರುವಾಗ ದಾರಿಯಲ್ಲಿ ಕೂತೆ. ಒಬ್ಬಳು ತಾಯಿ ಮಗುವಿನ ಗಾಡಿ ತಳ್ಳಿಕೊಂಡು ನನ್ನನ್ನು ದಾಟಿದಳು.

ಸಂಘದ ಅಂಗಿ ಹೊಟ್ಟೆಯ ಮೇಲೆ ನಿಲ್ಲುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅಂಗಿ ಹೊಲಿದವರನ್ನು ಬೈದೆ. ರೋಲಾಂಡ್ ಕುರ್ಚಿಯಲ್ಲಿ ಕೂತೇ ನೋಡಿದ. ಅವನ ನೀಲಿ ಸೈಕಲ್ ಹಗುರ. ಕೇಳಬೇಕೆಂದು ಬಾಯಿವರೆಗೆ ಬಂತು, ಕೇಳಲಿಲ್ಲ. ಆ ಬೆಡ್‌ಶೀಟಿನ ಹತ್ತಿರ ಹೋಗಲೂ ನನಗೆ ಧೈರ್ಯ ಸಾಲದು.

ಮಾರ್ಚ್ 23, ಭಾನುವಾರ

ಕಮೀಲಜ್ಜ ಪಾಠ ಹೇಳಲು ಬಂದಿದ್ದ. ಎಪ್ಪತ್ತು ದಾಟಿದೆ, ಕಾಲು ಕೊಕ್ಕರೆಯವು. ಹೊಲಗಳ ನಡುವೆ ಎದುರುಗಾಳಿಗೆ ನನ್ನನ್ನು ತನ್ನ ಹಿಂದೆ ಹಾಕಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ನನ್ನ ಎದೆ ಕೊಲ್ಲನ ತಿದಿಯಾಯಿತು. ಅವನು ತಿರುಗಿ ನೋಡಿ ಸೈಕಲ್ ನಿಲ್ಲಿಸಿದ.

"ಯಾಕಮ್ಮ ಅಷ್ಟು ದೂರ?"

"ನಿಮ್ಮ ಚಕ್ರಕ್ಕೆ ತಾಗಿಬಿಟ್ರೆ? ಹಿರಿಯರು ನೀವು."

"ಮರ್ಯಾದೆ ಕೊಡ್ತಿದ್ದೀಯಾ? ಹೂಂ. ನಮ್ಮಿಬ್ಬರ ಮಧ್ಯೆ ನೀನು ಬಿಟ್ಟ ಜಾಗದಲ್ಲಿ ಗಾಳಿ ಬಂದು ಕೂತಿದೆ, ನೋಡು. ಮರ್ಯಾದೆ ಮನೇಲಿಟ್ಟು ಬಾ. ನನ್ನ ಬೆನ್ನಿಗೆ ಅಂಟ್ಕೋ. ನಾನು ಗಾಳಿ ತಿನ್ನೋದು ನಿನಗೋಸ್ಕರ, ವ್ಯರ್ಥ ಮಾಡ್ಬೇಡ."

ಅಂಟಿಕೊಂಡೆ. ಯಾರೋ ಬಾಗಿಲು ಹಾಕಿದ ಹಾಗೆ ಗಾಳಿ ನಿಂತಿತು. ನಿಜ ಹೇಳಬೇಕೆಂದರೆ ಸುಖವಾಯಿತು, ನಾಚಿಕೆಯೂ ಆಯಿತು. ಮುದುಕನೊಬ್ಬ ಗಾಳಿ ತಿನ್ನುವುದು, ನಾನು ಅವನ ನೆರಳಲ್ಲಿ ಹೋಗುವುದು. ಋಣ ತೀರಿಸಲು ಅವನಿಗೆ ಸೇಬಿನ ಕೇಕು ಮಾಡಿ ಕೊಟ್ಟೆ. "ಲೆಕ್ಕ ಇಡಬೇಡ ಮಾರಾಯ್ತಿ" ಎಂದು ಬೈದು, ಕೇಕು ತಿಂದ.

ಮೇ 28, ಬುಧವಾರ, ಯೂಪೆನ್

ನಾವೆಲ್ಲ ರೈಲಿನಲ್ಲಿ ಬಂದೆವು. ರೋಲಾಂಡ್ ಒಬ್ಬನೇ ವ್ಯಾನಿನಲ್ಲಿ, ಹಿಂದೆ ಸೈಕಲ್ಲುಗಳು. ಬರುತ್ತಾನೋ ಇಲ್ಲವೋ ಎಂಬ ಭಯಕ್ಕೆ ದಾರಿಯುದ್ದಕ್ಕೂ ನಾನು ಕಿಟಕಿಯಲ್ಲಿ ರಸ್ತೆ ನೋಡುತ್ತಾ ಬಂದೆ. ಬಂದಿದ್ದ. ಪೊರಕೆಯನ್ನೂ ಸರಿಯಾಗಿಯೇ ಕಟ್ಟಿದ್ದ.

ಎಲ್ಲರೂ ಸುತ್ತುವರಿದು ಅವನ ಬೆನ್ನು ತಟ್ಟಿದರು. ಅವನು ಟೈರು ನೋಡುವ ನೆಪ ಮಾಡಿ ಬಗ್ಗಿದ. ಊಟಕ್ಕೆ ನಮ್ಮ ಮೇಜಿಗೆ ಬರಲಿಲ್ಲ.

ಮೇ 29, ಗುರುವಾರ, ಊಯಿ

ಮಾಸ್ ನದಿಯ ದಂಡೆಯ ಊರು. ಈ ಊರಿಗೆ ಬರುವವರೆಗೆ ಬರೀ ಏರು, ಇಳಿತ, ಏರು. ನಮ್ಮ ಕಡೆಯ ಬಯಲಲ್ಲಿ ಬೆಳೆದವರಿಗೆ ಇದು ದೇವರು ಮಾಡಿದ ಅನ್ಯಾಯ.

ಎರಡನೆಯ ಏರಿನಲ್ಲೇ ನಾನು ಎಲ್ಲರಿಗಿಂತ ಹಿಂದೆ ಬಿದ್ದೆ. ಕೊನೆಯವರನ್ನು ವ್ಯಾನ್ ದಾಟಬಾರದು, ಅದು ನಿಯಮ. ಹಾಗಾಗಿ ದಿನವಿಡೀ ನನ್ನ ಬೆನ್ನ ಹಿಂದೆ ಆ ಎಂಜಿನ್ನಿನ ಗುರುಗುರು. ಮೂವತ್ತು ವರ್ಷದ ಸಂಸಾರದಲ್ಲಿ ರೋಲಾಂಡ್ ಇಷ್ಟು ಹೊತ್ತು ನನ್ನನ್ನೇ ನೋಡಿಕೊಂಡು ಇದ್ದದ್ದು ಇದೇ ಮೊದಲು. ಅದೂ ಹಿಂದಿನಿಂದ.

ಕಮೀಲಜ್ಜ ವಾಪಸು ಬಂದು ನನ್ನ ಸೊಂಟದ ಮೇಲೆ ಕೈ ಇಟ್ಟು ತಳ್ಳಿದ. "ಬೇಡ, ನಾನೇ ಬರ್ತೀನಿ" ಎಂದೆ. "ನೀನೇ ಬರ್ತಿರೋದು. ನಾನು ಕೈ ಇಡೋಕೆ ಜಾಗ ಹುಡುಕ್ತಿದ್ದೆ" ಎಂದ. ಎಷ್ಟು ಸಲ ಸರಿಸಿದರೂ ಆ ಕೈ ಮತ್ತೆ ಬಂತು. ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ನಾನು ಯಾರ ಹಂಗಿನಲ್ಲೂ ಬದುಕಿದವಳಲ್ಲ.

ಸಂಜೆ ನಾವು ತಂಗಿದ ಹಾಸ್ಟೆಲಿನಲ್ಲಿ ನೋಯೆಲ್ ಎಲ್ಲರ ಎದುರು ಕೆಂಪು ಲಾಂದ್ರ ತಂದು ನನ್ನ ಮುಂದೆ ಇಟ್ಟ. ದಿನದ ಕೊನೆಯ ಸವಾರನಿಗೆ ಕೆಂಪು ಲಾಂದ್ರ, ಅವನಿಗೇ ಮೊದಲ ಸೌಟು ಸೂಪು. ವ್ಯಾನ್ ಓಡಿಸುವವರದೇ ಅಡುಗೆ, ಹಾಗಾಗಿ ಇಷ್ಟು ವರ್ಷ ಆ ಸೌಟು ಹಿಡಿದವಳು ನಾನು. ಇವತ್ತು ರೋಲಾಂಡ್ ಬಡಿಸಿದ, ಮುಖ ಎತ್ತದೆ. ಪೊಟ್ಟಣದ ಪುಡಿ ಕಲಸಿದ ಸೂಪು, ಗಂಟುಗಂಟು! ಎಲ್ಲರೂ ಕಣ್ಣು ಮುಚ್ಚಿ ನುಂಗಿದರು. ನಾನು ನಾಳೆ ಅಡುಗೆಮನೆಗೆ ನುಗ್ಗದಿದ್ದರೆ ಕೇಳಿ.

ಮೇ 30, ಶುಕ್ರವಾರ, ಹಾಲ್ಲೆ

ಇವತ್ತು ಸತ್ತು ಬದುಕಿದೆ.

ಬೆಳಿಗ್ಗೆ ಎಲ್ಲರಿಗೂ ಬ್ರೆಡ್ಡು ಕತ್ತರಿಸಿ ಕಟ್ಟಿಕೊಟ್ಟೆ, ಕಾಫಿ ಬಗ್ಗಿಸಿದೆ. ಹತ್ತು ಗಂಟೆಯ ವಿಶ್ರಾಂತಿಯಲ್ಲಿ ನನ್ನ ಜೇಬಿನ ಬಾಳೆಹಣ್ಣು ಮಾರ್ಲೇನ್‌ಗೆ ಕೊಟ್ಟೆ, ಒಣದ್ರಾಕ್ಷಿಯ ಬನ್ನು ನೋಯೆಲ್‌ಗೆ. ಅಡುಗೆಯವಳು ಕೊನೆಗೆ ಉಣ್ಣಬೇಕು, ನನ್ನಮ್ಮ ಕಲಿಸಿದ್ದು ಅದು. ಮಧ್ಯಾಹ್ನ ಯಾವುದೋ ಬೀಟ್‌ರೂಟಿನ ಹೊಲದ ಪಕ್ಕ ನನ್ನ ಕಾಲಿನಿಂದ ಯಾರೋ ಬಿರಡೆ ಕಿತ್ತ ಹಾಗಾಯಿತು. ಕಣ್ಣು ಮಂಜಾಯಿತು. ಹ್ಯಾಂಡಲ್ ಹಿಡಿದುಕೊಂಡೇ ಚರಂಡಿಗೆ ಇಳಿದೆ.

ವ್ಯಾನ್ ನಿಂತಿತು. ರೋಲಾಂಡ್ ಕೈಯಲ್ಲಿ ಅನ್ನದ ಸಿಹಿ ಕೇಕಿನ ಡಬ್ಬಿ ಹಿಡಿದು ಓಡಿ ಬಂದ.

"ಏನು ತಿಂದೆ ಬೆಳಿಗ್ಗೆಯಿಂದ?"

"ಕಾಫಿ ಕುಡಿದೆ."

"ಕಾಫಿ! ಊರಿಗೆಲ್ಲಾ ಬಡಿಸಿ ನೀನು ಉಪವಾಸ! ಕೊನೇ ಪಂಕ್ತೀಲಿ ಕೂತ್ರೆ ಪುಣ್ಯ ಬರುತ್ತೆ ಅಂದ್ಕೊಂಡ್ಯಾ? ಸೈಕಲ್ ಮೇಲೆ ಹಸಿವಾಗೋಕೆ ಮುಂಚೆ ತಿನ್ಬೇಕು ಅಂತ ಪ್ರತಿ ವರ್ಷ ಬಾಯಿ ಬಡ್ಕೋತಿದ್ದೆ, ನೀನು ವ್ಯಾನಲ್ಲಿ ರೇಡಿಯೋ ಕೇಳ್ತಿದ್ದೆ. ಬಾಯಿ ತೆಗಿ!"

ಹೀಗೆ ಬೈಯುತ್ತಲೇ ಇದ್ದ. ನನ್ನನ್ನು ಎಬ್ಬಿಸಿ ವ್ಯಾನಿನ ಪಕ್ಕ ಕೂರಿಸಿ ತುಂಡು ತುಂಡು ಬಾಯಿಗೆ ತುರುಕಿದ, ಕೋಲಾ ಕುಡಿಸಿದ. ಉತ್ತರ ಕೊಡಲು ನನ್ನಲ್ಲಿ ತ್ರಾಣವಿರಲಿಲ್ಲ, ಇಲ್ಲದಿದ್ದರೆ ಬಿಡುತ್ತಿದ್ದೆನೇ? ಅಷ್ಟು ಹೊತ್ತೂ ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ, ಮೂರ್ಖ. ಹತ್ತಿಬಿಡೋಣ ಎಂದು ಎರಡು ಸಲ ಅನ್ನಿಸಿತು, ಆದರೆ ಅವನನ್ನು ಸರಿಸಿ ಬಾಗಿಲು ತೆಗೆಯುವಷ್ಟು ಶಕ್ತಿಯೂ ನನಗಿರಲಿಲ್ಲ.

ಕೇಕು ಹೊಟ್ಟೆಗಿಳಿದ ಮೇಲೆ ಲೋಕ ಮತ್ತೆ ಬಣ್ಣ ಪಡೆಯಿತು. ಸೈಕಲ್ ಹತ್ತಿದೆ, ಹೊರಟೆ. ಸಂಜೆ ಮತ್ತೆ ಕೆಂಪು ಲಾಂದ್ರ ನನಗೆ. ಅಡುಗೆಮನೆಗೆ ಹೋಗುವ ಯೋಚನೆ ಬರುವ ಮೊದಲೇ ಬೆಂಚಿನ ಮೇಲೆ ನಿದ್ದೆ ಹೋಗಿದ್ದೆನಂತೆ. ಸೂಪು ಆರುವ ಮುಂಚೆ ಮಾರ್ಲೇನ್ ಎಬ್ಬಿಸಿದಳು. ಒಳ್ಳೆಯ ಹೆಂಗಸು. ಅವಳ ನಾಲಗೆಯನ್ನಷ್ಟೇ ನೋಡಿದ್ದೆ ಇಷ್ಟು ದಿನ.

ಮೇ 31, ಶನಿವಾರ, ಔಡೆನಾರ್ಡೆ

ಮಳೆ. ಹೆರಾರ್ಡ್ಸ್‌ಬರ್ಗೆನ್ನಿನ ಕಲ್ಲುಹಾಸಿನ ಗುಡ್ಡ. ಒದ್ದೆ ಕಲ್ಲು, ಗೋಡೆಯ ಹಾಗೆ ಎದ್ದು ನಿಂತ ದಾರಿ.

ಬೆನ್ನ ಮೇಲೆ ಮೂರು ಕೈ: ಕಮೀಲಜ್ಜನದು, ನೋಯೆಲ್‌ನದು, ಮಾರ್ಲೇನ್‌ದು. "ತುಳಿಯೇ, ತುಳಿಯೇ, ನಾನು ದಿನಾ ಅರ್ಧ ಹಂದಿ ಹೊರೋಳು, ನೀನ್ಯಾವ ಲೆಕ್ಕ!" ಎಂದು ಮಾರ್ಲೇನ್ ಕಿರುಚುತ್ತಿದ್ದಳು. ನಗು ಬಂದು ಉಸಿರು ತಪ್ಪಿತು. ತುದಿ ತಲುಪಿದೆ. ಗಿಣ್ಣಿನ ಬಿಸಿ ಕೇಕು ಎರಡು ತಿಂದೆ, ಯಾರಿಗೂ ಕೊಡದೆ.

ರಾತ್ರಿಯೂಟಕ್ಕೆ ಲೀಕ್ ಸೂಪು. ರೋಲಾಂಡ್ ಸಂತೆಯಲ್ಲಿ ಈರುಳ್ಳಿ ದಂಟಿನಂಥ ಲೀಕ್ ಕಟ್ಟು ಕೊಂಡಿದ್ದನಂತೆ. ಅಡುಗೆಮನೆಯಿಂದ ಗಂಡಸರ ನಗು ಕೇಳುತ್ತಿತ್ತು. ಬೆಣ್ಣೆ ಮೊದಲೋ ಲೀಕ್ ಮೊದಲೋ ಎಂದು ನನ್ನನ್ನು ಕೇಳಲು ನೋಯೆಲ್‌ನನ್ನು ಕಳಿಸಿದ. ತಾನೇ ಬಂದು ಕೇಳಿದರೆ ಕಿರೀಟ ಬಿದ್ದುಹೋಗುತ್ತದೆ. ಉಪ್ಪು ಜಾಸ್ತಿ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು, ಸುಮ್ಮನೆ ಅವನ ಮನಸ್ಸಿಗೆ.

ನಾಳೆ ಸಮುದ್ರ. ಗಾಳಿ ಜೋರಂತೆ. ದೇವರೇ, ನಾಳೆ ಒಂದು ದಿನ ಕಾಲು ನಿಲ್ಲಲಿ. ಅವನನ್ನು ಕುರ್ಚಿಗೆ ಕಳಿಸಬೇಡ.

ಜೂನ್ 1, ಭಾನುವಾರ, ಮನೆ

ಬರೆಯದೆ ಮಲಗಲಾರೆ, ಕೈ ಮಾತ್ರ ಕೇಳುತ್ತಿಲ್ಲ.

ಬೆಳಿಗ್ಗೆಯೇ ಗಾಳಿ ಎದುರು ನಿಂತಿತ್ತು. ನಮ್ಮ ಬಯಲಿನಲ್ಲಿ ತಡೆಯಲು ಏನಿದೆ? ಒಂದು ಚರ್ಚಿನ ಗೋಪುರ, ನಾಲ್ಕು ಹಸು. ಗುಂಪು ರಸ್ತೆಗೆ ಅಡ್ಡಲಾಗಿ ಓರೆಯಾಗಿ ಹರಡಿಕೊಂಡಿತು, ನನ್ನನ್ನು ಗಾಳಿ ತಾಗದ ಒಳಗಿನ ಮೂಲೆಗೆ ಹಾಕಿಕೊಂಡರು. ಈ ಸಲ ನಾನು ಬೇಡವೆನ್ನಲಿಲ್ಲ. ಸರದಿಯ ಪ್ರಕಾರ ಒಬ್ಬೊಬ್ಬರು ಮುಂದೆ ಹೋಗಿ ಗಾಳಿ ತಿಂದು ಹಿಂದೆ ಬಂದರು. ಹಿಂದೆ ಬಂದವರ ಮುಖ ಕೆಂಪಗೆ, ಮೂಗು ಸೋರುತ್ತಿತ್ತು. ನನ್ನ ಸರದಿ ಬಂದಾಗ ಕಮೀಲಜ್ಜ ಮತ್ತೆ ತಾನೇ ಹೋದ. ಆ ಬೆನ್ನುಗಳನ್ನು ನೋಡುತ್ತಾ ಹೋದೆ. ಇವರಿಗೆಲ್ಲ ನಾನು ವರ್ಷಗಟ್ಟಲೆ ಸೂಪು ಬಡಿಸಿದ್ದು ಇದಕ್ಕೆ ಸಮವೇ? ಅಲ್ಲ. ಸಮ ಮಾಡುವುದು ಸಾಧ್ಯವೂ ಇಲ್ಲ. ಇರಲಿ.

ಕಾಲುವೆಯ ದಂಡೆಗೆ ಬಂದೆವು, ದೂರದಲ್ಲಿ ನಮ್ಮ ಊರಿನ ನೀರಿನ ಗೋಪುರ ಕಂಡಿತು. ಅಲ್ಲಿ ಎರಡೂ ತೊಡೆ ಹಿಡಿದುಕೊಂಡವು. ಹಗ್ಗ ಹೊಸೆದ ಹಾಗೆ. ಕೂಗಿದೆನಂತೆ. ಇಳಿಸಿದರು, ಮಾರ್ಲೇನ್ ತೊಡೆ ಉಜ್ಜಿದಳು, ಮತ್ತೆ ಹತ್ತಿದೆ, ಮತ್ತೆ ಹಿಡಿಯಿತು. ಮೂರನೆಯ ಸಲ ಪೆಡಲಿಗೆ ಕಾಲಿಡುವ ಮೊದಲೇ ಹಿಡಿಯಿತು.

ವ್ಯಾನಿನ ಬಾಗಿಲು ನಾನೇ ತೆಗೆದೆ. ಸೋತವರ ಸೀಟಿನ ಮೇಲೆ ನಾನೇ ಹೆಣೆದ ದಿಂಬಿದೆ. ಅದರ ಮೇಲೆ ಕೂತು ಅತ್ತೆ. ಊರು ಕಣ್ಣಿಗೆ ಕಾಣುತ್ತಿರುವಾಗ! ಯಾರ ಮುಖವನ್ನೂ ನೋಡಲಾಗಲಿಲ್ಲ. ರೋಲಾಂಡ್ ಎಂಜಿನ್ ಆರಿಸಿದ. ಬೀಗದ ಕೈ ತೆಗೆದು ಕೆಳಗಿಳಿದ. ಹೋಯಿತು ಎಂದುಕೊಂಡೆ. ನೆಟ್ಟಗೆ ನೋಯೆಲ್‌ನ ಹತ್ತಿರ ಹೋಗಿ ಅವನ ಕೈಗೆ ಬೀಗದ ಕೈ ಹಾಕಿದ.

"ಇನ್ನು ನೀನು ಓಡಿಸು."

"ರೋಲಾಂಡ್, ಬೇಡ ಕಣೋ. ಇಷ್ಟು ದೂರ ಬಂದು..."

"ಮಾತು ಅಂದ್ರೆ ಮಾತು. ಅವಳು ಹತ್ತಿದಳು, ಕೀ ಕೊಟ್ಟೆ." ಆಮೇಲೆ ನನ್ನ ಬಾಗಿಲ ಬಳಿ ಬಂದ. ಕೆಳಗೆ ಬಿದ್ದಿದ್ದ ನನ್ನ ಸೈಕಲ್ಲನ್ನು ಎತ್ತಿ ಹ್ಯಾಂಡಲ್ ಹಿಡಿದುಕೊಂಡ. "ಇಳಿಯೇ. ಡಾಕ್ಟರು ನನಗೆ ನಡೆಯೋದು ಬೇಡ ಅಂದಿಲ್ಲ. ನಿನಗೆ ನಡೆಯೋಕಾಗುತ್ತಾ?"

"ರೈಲು?" ಎಂದೆ.

"ಯಾವ ರೈಲು? ಮನೆ ಅಲ್ಲೇ ಕಾಣ್ತಿದೆಯಲ್ಲೇ!"

ಇಳಿದೆ. ಅವನು ಒಂದು ಕೈಯಲ್ಲಿ ಸೈಕಲ್ ತಳ್ಳಿದ, ಇನ್ನೊಂದು ಕೈ ನನ್ನ ಬೆನ್ನ ಮೇಲೆ. ಕುಂಟುತ್ತಾ ಹೊರಟೆವು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಯಾರೂ ಸೈಕಲ್ ಹತ್ತಿಲ್ಲ. ಎಲ್ಲರೂ ತಮ್ಮ ತಮ್ಮ ಸೈಕಲ್ ತಳ್ಳಿಕೊಂಡು ನಮ್ಮ ಹಿಂದೆ ನಡೆಯುತ್ತಿದ್ದಾರೆ, ಇಬ್ಬಿಬ್ಬರು. ಅವರ ಹಿಂದೆ, ಪೊರಕೆ ಹೊತ್ತು, ವ್ಯಾನು.

"ನೀವು ಹೋಗ್ರೋ, ಸೂಪು ಆರುತ್ತೆ!" ಎಂದು ರೋಲಾಂಡ್ ಕೂಗಿದ.

"ಕೊನೆಯವರನ್ನ ದಾಟಬಾರದು ಅಂತ ನಿಯಮ ಅಲ್ವೇನಯ್ಯ!" ಎಂದ ಕಮೀಲಜ್ಜ.

"ಅದು ವ್ಯಾನಿಗೆ!"

"ವಯಸ್ಸಾಯ್ತು, ನಿಯಮ ಸರಿಯಾಗಿ ನೆನಪಿಲ್ಲ."

ಮಾರ್ಲೇನ್ ಸುಮ್ಮನಿರುವವಳೇ? "ಏನ್ ದಿಬ್ಬಣ ಕಣ್ರೀ! ಹುಡುಗ ಹುಡುಗಿ ಮುಂದೆ, ನೆಂಟರೆಲ್ಲಾ ಹಿಂದೆ! ಓಲಗದವರು ಎಲ್ಲಿ?" ಎಂದಳು. ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು, ಆಮೇಲೆ ಎಲ್ಲರೂ. ಕಾಲುವೆಯ ಬಾಗಿಲ ಬಳಿ ಮೀನು ಹಿಡಿಯುತ್ತಿದ್ದವನು ಗಾಳ ಕೆಳಗಿಟ್ಟು ಟೋಪಿ ತೆಗೆದ. ನಮ್ಮ ಮದುವೆಯಲ್ಲಿ ಇಷ್ಟು ಜನ ಇರಲಿಲ್ಲ.

ಸಮುದ್ರದ ಕಟ್ಟೆಯ ಮೇಲೆ ನಿಂತಾಗ ಮರಳು ಮುಖಕ್ಕೆ ಹೊಡೆಯುತ್ತಿತ್ತು. ಆದರೂ ಎಷ್ಟೋ ಹೊತ್ತು ನಿಂತೆವು. ನಾನು ಎಲ್ಲರ ಕೈ ಹಿಡಿದು ಥ್ಯಾಂಕ್ಸ್ ಹೇಳಲು ಹೊರಟೆ, ಮೂರನೆಯವರಿಗೆ ಬರುವಷ್ಟರಲ್ಲಿ ಮಾತು ಬಿಟ್ಟು ಅಪ್ಪಿಕೊಳ್ಳತೊಡಗಿದೆ. ಕೆಫೆಯಲ್ಲಿ ನೋಯೆಲ್ ಕೆಂಪು ಲಾಂದ್ರವನ್ನು ತಂದು ಯಾರ ಮುಂದೆ ಇಡುವುದೆಂದು ತಿಳಿಯದೆ ನಮ್ಮಿಬ್ಬರ ನಡುವೆ ಇಟ್ಟ. ಮೊದಲ ಸೌಟು ನನ್ನ ತಟ್ಟೆಗೆ, ಎರಡನೆಯದು ರೋಲಾಂಡನಿಗೆ. ನಾನು ಕಾಯದೆ ತಿನ್ನಲು ಶುರು ಮಾಡಿದೆ, ಹಸಿವಾಗಿತ್ತು.

ಜೂನ್ 4, ಬುಧವಾರ

ಮೆಟ್ಟಿಲು ಇಳಿಯುವುದು ಇವತ್ತಿಗೂ ಹಿಂದು ಮುಂದಾಗಿ. ವೃದ್ಧಾಶ್ರಮದ ಅಜ್ಜಿಯರು ನನಗೆ ತಮ್ಮ ಊರುಗೋಲು ಕೊಡಲು ಬಂದರು. ಒಂದನ್ನು ತೆಗೆದುಕೊಂಡೆ.

ರೋಲಾಂಡ್ ಮಧ್ಯಾಹ್ನ ಇರಲಿಲ್ಲ. ಕಮೀಲಜ್ಜನ ಜೊತೆ ಕಾಲುವೆ ಕಡೆ ನಡೆಯಲು ಹೋಗಿದ್ದನಂತೆ. ಹೇಳಿ ಹೋಗಬಾರದೇ? ಆಲೂಗಡ್ಡೆ ತಣ್ಣಗಾಯಿತು.

ಜೂನ್ 8, ಭಾನುವಾರ

ಬೇಕರಿಯಿಂದ ಬರುವಾಗ ಬೇಲಿಯಾಚೆಯಿಂದಲೇ ಕಂಡಿತು, ಹಿತ್ತಲಿನ ಬಟ್ಟೆ ತಂತಿಯ ಮೇಲೆ ಬೆಡ್‌ಶೀಟು. ತೊಳೆದು ಹರವಿದೆ, ಗಾಳಿಗೆ ಹಾರುತ್ತಿದೆ. ನಾನು ತೊಳೆದದ್ದಲ್ಲ. ಯಾವುದೆಂದು ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು.

ಗ್ಯಾರೇಜಿನ ಬಾಗಿಲು ತೆರೆದಿತ್ತು. ರೋಲಾಂಡ್ ನೀಲಿ ಸೈಕಲ್ಲಿನ ಪಕ್ಕ ಮೊಣಕಾಲೂರಿ ಕೂತು, ಕೈಯಲ್ಲಿ ಸ್ಪ್ಯಾನರ್ ಹಿಡಿದು, ಸೀಟಿನ ಕಂಬವನ್ನು ಇಳಿಸುತ್ತಿದ್ದ. ಹಳೆಯ ಎತ್ತರದ ಗುರುತು ಕಂಬದ ಮೇಲೆ ಹಾಗೇ ಉಳಿದಿತ್ತು. ಅವನಿಗಿಂತ ನಾನು ಒಂದು ಗೇಣು ಗಿಡ್ಡ.

"ಬಂದ್ಯಾ? ನಿನ್ನದು ಹಾಲಿನ ಗಾಡಿ, ಅದರಲ್ಲಿ ಮುಂದಿನ ವರ್ಷ ಕಮೀಲಜ್ಜನಿಗೆ ಮತ್ತೆ ನಿನ್ನ ತಳ್ಳೋ ಕೆಲಸ ಬೇಡ. ಬ್ರೆಡ್ಡು ಅಲ್ಲಿಡು. ಹತ್ತು, ನೋಡೋಣ."

"ಸೂಪಿಗೆ ಉಪ್ಪು ಕಮ್ಮಿ ಹಾಕ್ತೀಯಾ ಮುಂದಿನ ವರ್ಷ?" ಎಂದೆ. ಬ್ರೆಡ್ಡು ಕೆಳಗಿಟ್ಟೆ.

"ನೀನು ಮುಂಚೆ ತಿಂತೀಯಾ?"

"ತಿಂತೀನಿ."

"ಹಂಗಾದ್ರೆ ಹಾಕ್ತೀನಿ ಕಮ್ಮಿ. ಹತ್ತೇ!"

ಅವನು ಹಿಂದಿನಿಂದ ಸೀಟು ಹಿಡಿದುಕೊಂಡ, ನಾನು ಹತ್ತಿದೆ. ಕಾಲು ಪೆಡಲಿಗೆ ಸರಿಯಾಗಿ ಎಟುಕಿತು.